ಲೈಸೆನ್ಸು ಗಡಿ ದಾಟಿದ ಬಗೆ

ಅಮೆರಿಕದ ನಟ್ಟನಡುವೆ ಕ್ಯಾನ್ಸಸ್ ಸಿಟಿ ಎಂಬ ಹೆಸರಿನ ಎರಡು ಊರುಗಳು ಒಂದಕ್ಕೊಂದು ತಾಗಿಕೊಂಡಿವೆ. ಚಿಕ್ಕದು ಕ್ಯಾನ್ಸಸ್ ರಾಜ್ಯಕ್ಕೆ ಸೇರಿದ್ದು, ದೊಡ್ಡದು ಮಿಸೌರಿಗೆ. ಊರಿನ ದಕ್ಷಿಣ ಭಾಗದಲ್ಲಿ ಸ್ಟೇಟ್ ಲೈನ್ ರೋಡ್ ಎಂಬ ರಸ್ತೆಯಿದೆ. ಅದೇ ಗಡಿ. ಪಶ್ಚಿಮದ ಮಗ್ಗುಲಿನ ಮನೆಗಳು ಕ್ಯಾನ್ಸಸ್‌ನವು, ಪೂರ್ವದವು ಮಿಸೌರಿಯವು. ಗೇಟಿಲ್ಲ, ಚೆಕ್‌ಪೋಸ್ಟಿಲ್ಲ. ಜನ ದಿನಕ್ಕೆ ನಾಲ್ಕು ಸಲ ರಾಜ್ಯ ಬದಲಿಸುತ್ತಾರೆ, ಬದಲಿಸಿದ್ದು ಅವರ ಗಮನಕ್ಕೂ ಬರುವುದಿಲ್ಲ. ಆದರೆ 2019ರ ಜೂನ್ ಮುಗಿಯುವ ತನಕ ನರ್ಸ್‌ಗಳ ಪಾಲಿಗೆ ಆ ಗಡಿ ನಿಜವಾಗಿಯೂ ಗಡಿಯೇ ಆಗಿತ್ತು. ಆ ಕಡೆಯ ರಾಜ್ಯದ ಲೈಸೆನ್ಸನ್ನು ಬೇರೆಯಾಗಿ ಪಡೆಯದ ನರ್ಸ್ ರಸ್ತೆ ದಾಟಿ ಒಂದು ಇಂಜೆಕ್ಷನ್ ಕೊಟ್ಟರೂ ಅದು ಅಪರಾಧ.

ನಾನು ಸಕಲೇಶಪುರದ ಕಡೆಯವಳು. ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಐಸಿಯುನಲ್ಲಿ ದುಡಿದು, ಮದುವೆಯಾದ ಮೇಲೆ ಗಂಡನ ಸಾಫ್ಟ್‌ವೇರ್ ಕೆಲಸದ ಬೆನ್ನಿಗೆ ಕ್ಯಾನ್ಸಸ್‌ನ ಓವರ್‌ಲ್ಯಾಂಡ್ ಪಾರ್ಕ್‌ಗೆ ಬಂದೆ. ಹೀಗೆ ಗಂಡನ ಜೊತೆ ಬಂದ ಎಚ್-4 ವೀಸಾದವರಿಗೆ ದುಡಿಯುವ ಹಕ್ಕಿರಲಿಲ್ಲ. ಗ್ರೀನ್ ಕಾರ್ಡಿಗೆ ಸರದಿಯಲ್ಲಿ ನಿಂತವರ ಹೆಂಡಿರಿಗೆ ಆ ಅನುಮತಿ ಸಿಕ್ಕಿದ್ದು 2015ರ ಮೇ ತಿಂಗಳಲ್ಲಿ. ಆಮೇಲೆ ಇಲ್ಲಿನ ಲೈಸೆನ್ಸಿನ ಪರೀಕ್ಷೆ ಬರೆದು, ಮಿಸೌರಿ ಕಡೆಯ ಒಂದು ಆಸ್ಪತ್ರೆಯ ಹೃದ್ರೋಗ ವಿಭಾಗ ಸೇರಿದೆ. ಮನೆ ಒಂದು ರಾಜ್ಯದಲ್ಲಿ, ವಾರ್ಡು ಇನ್ನೊಂದರಲ್ಲಿ.

ಗಡಿಯ ತೊಡಕು ನನಗೆ ಅರ್ಥವಾದದ್ದು ಫೋನಿನಿಂದ. ಹೃದಯ ಸೋತು ಮೈಯಲ್ಲಿ ನೀರು ತುಂಬಿ ಅಡ್ಮಿಟ್ ಆದವರನ್ನು ಡಿಸ್ಚಾರ್ಜ್ ಮಾಡಿದ ಮೇಲೆ ನಾವು ಮನೆಗೆ ಫೋನ್ ಮಾಡಿ ವಿಚಾರಿಸಬೇಕು. ಇವತ್ತು ಬೆಳಿಗ್ಗೆ ತೂಕ ಎಷ್ಟು, ಕಾಲು ಬಾತಿದೆಯಾ, ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗಿದಿರಿ, ನೀರಿಳಿಸುವ ಮಾತ್ರೆ ತಪ್ಪಿಸಿಲ್ಲ ತಾನೆ? ಒಂದೇ ದಿನದಲ್ಲಿ ತೂಕ ಒಂದೂವರೆ ಕಿಲೋ ಏರಿತು ಅಂದರೆ ಮತ್ತೆ ನೀರು ನಿಲ್ಲುತ್ತಿದೆ ಅಂತಲೇ ಲೆಕ್ಕ. ಆ ಒಂದು ಫೋನ್ ಕರೆ ಎಷ್ಟೋ ಜನರನ್ನು ಆಂಬುಲೆನ್ಸ್ ಹತ್ತದಂತೆ ತಡೆಯುತ್ತದೆ. ಆದರೆ ಇಲ್ಲಿನ ಕಾನೂನಿನ ಪ್ರಕಾರ ಶುಶ್ರೂಷೆ ನಡೆಯುವುದು ನರ್ಸ್ ಕೂತಲ್ಲಿ ಅಲ್ಲ, ರೋಗಿ ಇರುವಲ್ಲಿ. ನಾನು ಮಿಸೌರಿಯ ಕುರ್ಚಿಯಲ್ಲಿ ಕೂತು ಕ್ಯಾನ್ಸಸ್‌ನ ಮನೆಗೆ ಕರೆ ಮಾಡಿದರೆ ನಾನು ಕ್ಯಾನ್ಸಸ್‌ನಲ್ಲಿ ಕೆಲಸ ಮಾಡಿದ ಹಾಗೆ. ಅದಕ್ಕೇ ಎರಡು ಲೈಸೆನ್ಸು, ಎರಡು ಅರ್ಜಿ, ಎರಡು ಶುಲ್ಕ, ಎರಡು ನವೀಕರಣ. ಒಂದೇ ಲೈಸೆನ್ಸ್ ಇದ್ದ ಸಹೋದ್ಯೋಗಿಗಳು ಫೋನ್ ಎತ್ತುವ ಮೊದಲು ರೋಗಿಯ ವಿಳಾಸ ನೋಡುತ್ತಿದ್ದರು. ಒಂದರ ಲೈಸೆನ್ಸನ್ನು ಇನ್ನೊಂದು ಒಪ್ಪುವ ರಾಜ್ಯಗಳ ಒಪ್ಪಂದಕ್ಕೆ ಮಿಸೌರಿ 2010ರಲ್ಲೇ ಸೇರಿತ್ತು, ಕ್ಯಾನ್ಸಸ್ ಸೇರಿರಲಿಲ್ಲ. ಹೀಗಾಗಿ ರಸ್ತೆಯಾಚೆ ಮನೆ ಮಾಡಿದ್ದ ಗೆಳತಿಯ ಲೈಸೆನ್ಸು ಟೆಕ್ಸಾಸಿನಲ್ಲೂ ನಡೆಯುತ್ತಿತ್ತು, ಆದರೆ ಅವಳ ಕಿಟಕಿಗೆ ಕಾಣುವ ಕ್ಯಾನ್ಸಸ್‌ನ ಮನೆಯೊಳಗೆ ನಡೆಯುತ್ತಿರಲಿಲ್ಲ.

ಹೀಗೇಕೆ ಎಂದು ಕೇಳಿಕೊಂಡು ನಾನು ಈ ವೃತ್ತಿಯ ಹಳೆಯ ಚರಿತ್ರೆ ಓದತೊಡಗಿದೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಮನದಟ್ಟಾಯಿತು. ಕೆಲಸ ಮಾಡುವ ಅನುಮತಿ ಗಡಿ ದಾಟಬೇಕಾದರೆ, ಮಾಡಿದ ಕೆಲಸದ ಲೆಕ್ಕವೂ ಅದರ ಜೊತೆಯಲ್ಲೇ ಗಡಿ ದಾಟಬೇಕು. ಈ ಮಾತು ಕಾನೂನಾಗಲು ಈ ದೇಶಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೊದಲು ಲೈಸೆನ್ಸೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಪತ್ರೆಗಳು ತಮ್ಮದೇ ನರ್ಸಿಂಗ್ ಶಾಲೆಗಳನ್ನು ತೆರೆದಿದ್ದವು. ಕೆಲವು ಶಾಲೆಗಳಲ್ಲಿ ನಿಜವಾದ ಪಾಠವಿತ್ತು. ಕೆಲವದರಲ್ಲಿ ಹುಡುಗಿಯರು ಪಾಠದ ಹೆಸರಿನಲ್ಲಿ ಸಂಬಳವಿಲ್ಲದೆ ವಾರ್ಡು ನಡೆಸುತ್ತಿದ್ದರು. ಯಾವ ತರಬೇತಿಯೂ ಇಲ್ಲದ ಹೆಂಗಸೂ ತಾನು ನರ್ಸ್ ಎಂದು ಹೇಳಿಕೊಂಡು ಮನೆಮನೆಗೆ ಹೋಗಬಹುದಿತ್ತು. ಮೂರು ವರ್ಷ ರಾತ್ರಿ ಪಾಳಿ ಮಾಡಿ ಕಲಿತವಳಿಗೂ ಏನೂ ಕಲಿಯದವಳಿಗೂ ಇದ್ದದ್ದು ಒಂದೇ ಹೆಸರು. ಅಮೆರಿಕನ್ ಜರ್ನಲ್ ಆಫ್ ನರ್ಸಿಂಗ್ ಪತ್ರಿಕೆಯ ಮೊದಲ ಸಂಪಾದಕಿ ಸೋಫಿಯಾ ಪಾಮರ್ ಅವರಂಥವರು ಇದರ ವಿರುದ್ಧ ಬರೆದರು, ಊರೂರಿನ ಸಭೆಗಳಲ್ಲಿ ಮಾತಾಡಿದರು. 1901ರಲ್ಲಿ ಬಫಲೋ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ನರ್ಸ್‌ಗಳ ಸಮಾವೇಶ, ಸರ್ಕಾರವೇ ನರ್ಸ್‌ಗಳ ನೋಂದಣಿ ಮಾಡಬೇಕೆಂದು ಒತ್ತಾಯಿಸಿತು. ಅದೇ ವರ್ಷ ನ್ಯೂಜಿಲೆಂಡ್ ಇಡೀ ದೇಶಕ್ಕೆ ಒಂದೇ ನೋಂದಣಿ ಕಾನೂನು ಮಾಡಿತು. ಜಗತ್ತಿನಲ್ಲಿ ಮೊದಲನೆಯದು ಅದು.

ಅಮೆರಿಕಕ್ಕೆ ಆ ದಾರಿ ಇರಲಿಲ್ಲ. ಇಲ್ಲಿನ ಸಂವಿಧಾನದ ಹತ್ತನೆಯ ತಿದ್ದುಪಡಿಯ ಪ್ರಕಾರ, ಕೇಂದ್ರಕ್ಕೆ ಬರೆದುಕೊಡದ ಅಧಿಕಾರವೆಲ್ಲ ರಾಜ್ಯಗಳದ್ದು. ಜನರ ಆರೋಗ್ಯ ಕಾಯುವ ಹೊಣೆಯೂ ಅವುಗಳದ್ದೇ. ಪಶ್ಚಿಮ ವರ್ಜೀನಿಯಾದಲ್ಲಿ ಡೆಂಟ್ ಎಂಬ ವೈದ್ಯರು ತಮಗೆ ಲೈಸೆನ್ಸ್ ನಿರಾಕರಿಸಿದ ರಾಜ್ಯದ ಕಾನೂನನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1889ರಲ್ಲಿ ಕೋರ್ಟು ರಾಜ್ಯದ ಪರವಾಗಿ ತೀರ್ಪು ಕೊಟ್ಟಿತು. ವೃತ್ತಿಗೆ ಅರ್ಹತೆ ಯಾವುದು ಎಂದು ನಿಗದಿ ಮಾಡುವ ಹಕ್ಕು ರಾಜ್ಯಕ್ಕಿದೆ ಎಂಬುದು ಅಂದಿನಿಂದ ಗಟ್ಟಿಯಾಯಿತು. ನರ್ಸ್‌ಗಳೂ ಒಂದೊಂದೇ ರಾಜ್ಯದ ಬಾಗಿಲು ತಟ್ಟಬೇಕಾಯಿತು.

ಮೊದಲು ತೆರೆದದ್ದು ನಾರ್ತ್ ಕೆರೊಲಿನಾದ ಬಾಗಿಲು. ಮೇರಿ ಲೂಯಿಸ್ ವೈಚ್ ಎಂಬ ನರ್ಸ್ 1902ರಲ್ಲಿ ಅಲ್ಲಿನ ನರ್ಸ್‌ಗಳ ಸಂಘ ಕಟ್ಟಿದರು, ಮರುವರ್ಷ ಶಾಸಕರ ಮುಂದೆ ಮಸೂದೆ ಇಡಿಸಿದರು. ಆಗ ಆ ನರ್ಸ್‌ಗಳಲ್ಲಿ ಒಬ್ಬರಿಗೂ ಮತದಾನದ ಹಕ್ಕಿರಲಿಲ್ಲ. ತಾವು ಮತ ಹಾಕಲಾಗದ ಸಭೆಯಿಂದ ಈ ಹೆಂಗಸರು 1903ರ ಮಾರ್ಚ್‌ನಲ್ಲಿ ಕಾನೂನು ಮಾಡಿಸಿಕೊಂಡರು. ಆ ಜೂನ್‌ನಲ್ಲಿ ಜೋಸೆಫಿನ್ ಬರ್ಟನ್ ಎಂಬುವರು ಕ್ರೇವನ್ ಕೌಂಟಿಯಲ್ಲಿ ಹೆಸರು ಬರೆಸಿ ದೇಶದ ಮೊದಲ ನೋಂದಾಯಿತ ನರ್ಸ್ ಆದರು. ಅದೇ ವರ್ಷ ನ್ಯೂಜೆರ್ಸಿ, ನ್ಯೂಯಾರ್ಕ್, ವರ್ಜೀನಿಯಾಗಳೂ ಕಾನೂನು ಮಾಡಿದವು. 1923ರ ಹೊತ್ತಿಗೆ ಆಗಿದ್ದ 48 ರಾಜ್ಯಗಳಲ್ಲೂ ನರ್ಸ್‌ಗಳ ಕಾನೂನಿತ್ತು.

ಇವು ಇನ್ನೂ ಅರೆಬರೆ ಕಾನೂನುಗಳೇ. ‘ನೋಂದಾಯಿತ ನರ್ಸ್’ ಎಂಬ ಬಿರುದನ್ನು ಅವು ಕಾಪಾಡಿದವು, ಕೆಲಸವನ್ನಲ್ಲ. ನೋಂದಣಿ ಇಲ್ಲದವರೂ ಆ ಬಿರುದು ಬಳಸದೆ ಶುಶ್ರೂಷೆ ಮಾಡಬಹುದಿತ್ತು. ಲೈಸೆನ್ಸ್ ಇಲ್ಲದೆ ಸಂಬಳಕ್ಕೆ ನರ್ಸ್ ಕೆಲಸ ಮಾಡುವಂತೆಯೇ ಇಲ್ಲ ಎಂದು ಮೊದಲು ಕಾನೂನು ಬರೆದದ್ದು ನ್ಯೂಯಾರ್ಕ್, 1938ರಲ್ಲಿ. ಉಳಿದ ರಾಜ್ಯಗಳು ಅದರ ಹಿಂದೆ ನಿಧಾನವಾಗಿ ಬಂದವು. ಹೀಗೆ ಕಾನೂನು ಬಿಗಿಯಾದ ಹಾಗೆಲ್ಲ ರಾಜ್ಯಗಳ ನಡುವಿನ ಗೋಡೆಯೂ ಎತ್ತರವಾಯಿತು. ಒಂದೊಂದು ರಾಜ್ಯದ ಪರೀಕ್ಷೆ ಒಂದೊಂದು ಬಗೆ. ಕೆಲವು ಕಡೆ ಪ್ರಬಂಧ ಬರೆಸಿದರೆ, ಇನ್ನು ಕೆಲವು ಕಡೆ ಎದುರಿಗೆ ನಿಲ್ಲಿಸಿ ಕೆಲಸ ಮಾಡಿಸಿ ನೋಡುತ್ತಿದ್ದರು.

ಎರಡನೆಯ ಮಹಾಯುದ್ಧ ಈ ಸ್ಥಿತಿಯನ್ನು ಅಲ್ಲಾಡಿಸಿತು. ಸೈನ್ಯಕ್ಕೆ ನರ್ಸ್‌ಗಳು ಬೇಗ ಬೇಕಿತ್ತು, ಕೈಯಿಂದ ಉತ್ತರಪತ್ರಿಕೆ ತಿದ್ದುತ್ತಾ ತಿಂಗಳುಗಟ್ಟಲೆ ಕಾಯುವ ಕಾಲ ಅದಾಗಿರಲಿಲ್ಲ. 1944ರಲ್ಲಿ ರಾಜ್ಯಗಳು ಸೇರಿ ಬಳಸುವ ಸಾಮಾನ್ಯ ಪರೀಕ್ಷೆಯೊಂದು ಶುರುವಾಯಿತು. 1950ರ ಹೊತ್ತಿಗೆ ಎಲ್ಲ ರಾಜ್ಯಗಳೂ ಅದನ್ನೇ ಬಳಸುತ್ತಿದ್ದವು. ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಪರೀಕ್ಷೆ ಮೊದಲು ಬಂದದ್ದು ನಮ್ಮ ವೃತ್ತಿಯಲ್ಲೇ. 1978ರಲ್ಲಿ ರಾಜ್ಯಗಳ ನರ್ಸಿಂಗ್ ಮಂಡಳಿಗಳು ಸೇರಿ ಒಂದು ರಾಷ್ಟ್ರೀಯ ಮಂಡಳಿ ಕಟ್ಟಿಕೊಂಡವು. 1982ರಿಂದ ಆ ಪರೀಕ್ಷೆಗೆ ಎನ್‌ಕ್ಲೆಕ್ಸ್ ಎಂಬ ಹೆಸರು ಬಂತು. 1994ರಲ್ಲಿ ಅದು ಕಂಪ್ಯೂಟರಿಗೆ ಹೋಯಿತು. ನಾನು ಬರೆದದ್ದು ಆ ಬಗೆಯದ್ದೇ. ಒಂದು ಪ್ರಶ್ನೆಗೆ ಕೊಟ್ಟ ಉತ್ತರ ನೋಡಿ ಯಂತ್ರ ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ನಮ್ಮ ಕಾಲದಲ್ಲಿ ಅದು 75 ಪ್ರಶ್ನೆಗೇ ನಿಲ್ಲಬಹುದಿತ್ತು, 265ರ ತನಕ ಎಳೆಯಬಹುದಿತ್ತು. ಎದೆನೋವು, ಜ್ವರ, ಬಾಣಂತಿ, ಮಗು ನಾಲ್ವರೂ ಒಟ್ಟಿಗೆ ಬಂದರೆ ಮೊದಲು ಯಾರ ಹತ್ತಿರ ಹೋಗುತ್ತೀ ಎಂಬಂಥ ಪ್ರಶ್ನೆಗಳು. ಅಲಾಸ್ಕದಲ್ಲಿ ಕೂತವಳಿಗೂ ಫ್ಲಾರಿಡಾದಲ್ಲಿ ಕೂತವಳಿಗೂ ಅದೇ ಅಳತೆ, ಅದೇ ಗೆರೆ.

ಅಳತೆ ಒಂದಾಯಿತು, ಲೈಸೆನ್ಸು ಒಂದಾಗಲಿಲ್ಲ. ಪಾಸಾದವಳು ಊರು ಬದಲಿಸಿದರೆ ಮತ್ತೆ ಅರ್ಜಿ, ಮತ್ತೆ ಹಳೆಯ ರಾಜ್ಯದಿಂದ ದೃಢೀಕರಣ, ಮತ್ತೆ ವಾರಗಳ ಕಾಯುವಿಕೆ. ಇದರ ಭಾರ ಹೆಚ್ಚು ಬಿದ್ದದ್ದು ಸೈನಿಕರ ಹೆಂಡತಿಯರ ಮೇಲೆ. ಗಂಡನಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ, ಹೆಂಡತಿಗೆ ಪ್ರತಿ ವರ್ಗಕ್ಕೂ ಹೊಸ ಲೈಸೆನ್ಸು. 1990ರ ದಶಕದಲ್ಲಿ ಇದರ ಮೇಲೆ ಇನ್ನೊಂದು ಬದಲಾವಣೆ ಬಂತು. ವಿಮೆ ಕಂಪನಿಗಳೂ ಆಸ್ಪತ್ರೆಗಳೂ ಫೋನಿನಲ್ಲಿ ಸಲಹೆ ಕೊಡುವ ನರ್ಸ್‌ಗಳನ್ನು ಕೂರಿಸಿದವು, ಹೆಲಿಕಾಪ್ಟರುಗಳು ರೋಗಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೊತ್ತೊಯ್ದವು. ಆಕಾಶದಲ್ಲಿ ಗಡಿ ದಾಟುವಾಗ ನರ್ಸ್ ಡ್ರಿಪ್ ನಿಲ್ಲಿಸಲು ಸಾಧ್ಯವೇ?

ಪರಿಹಾರಕ್ಕೆ ರಾಷ್ಟ್ರೀಯ ಮಂಡಳಿ ನೋಡಿದ್ದು ವಾಹನ ಚಾಲಕರ ಲೈಸೆನ್ಸನ್ನು. ಮನೆಯಿರುವ ರಾಜ್ಯ ಲೈಸೆನ್ಸ್ ಕೊಡುತ್ತದೆ, ಬೇರೆ ರಾಜ್ಯಗಳು ಅದನ್ನು ಒಪ್ಪುತ್ತವೆ, ಆದರೆ ಗಾಡಿ ಓಡಿಸುವಾಗ ಆ ನೆಲದ ನಿಯಮ ಪಾಲಿಸಬೇಕು. 1997ರಲ್ಲಿ ಮಂಡಳಿ ಈ ಮಾದರಿಯನ್ನು ಒಪ್ಪಿಕೊಂಡಿತು. ಮರುವರ್ಷ ಯೂಟಾ ಮೊದಲು ಕಾನೂನು ಮಾಡಿತು. 2000ದ ಹೊತ್ತಿಗೆ ಮೇರಿಲ್ಯಾಂಡ್, ಟೆಕ್ಸಾಸ್, ಯೂಟಾ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಒಪ್ಪಂದ ಜಾರಿಗೆ ಬಂತು. ಕೇಂದ್ರ ಸರ್ಕಾರದ ಲೈಸೆನ್ಸ್ ಅಲ್ಲ ಇದು. ರಾಜ್ಯಗಳು ತಮ್ಮ ಅಧಿಕಾರ ಬಿಟ್ಟುಕೊಡದೆ ಪರಸ್ಪರ ಒಪ್ಪಿಕೊಂಡ ವ್ಯವಸ್ಥೆ. ಹದಿನೈದು ವರ್ಷಗಳಲ್ಲಿ 25 ರಾಜ್ಯಗಳು ಸೇರಿದವು, ಅಲ್ಲಿಗೆ ಬಂಡಿ ನಿಂತಿತು.

ನಿಂತದ್ದಕ್ಕೆ ಕಾರಣ ನಂಬಿಕೆಯ ಕೊರತೆ. ಲೈಸೆನ್ಸ್ ಕೊಡುವಾಗ ಕೆಲವು ರಾಜ್ಯಗಳು ಬೆರಳಚ್ಚು ತೆಗೆದುಕೊಂಡು ಅಪರಾಧ ದಾಖಲೆ ನೋಡುತ್ತಿದ್ದವು, ಕೆಲವು ನೋಡುತ್ತಿರಲಿಲ್ಲ. ನೋಡುವ ರಾಜ್ಯ ನೋಡದ ರಾಜ್ಯದ ಲೈಸೆನ್ಸನ್ನು ಯಾಕೆ ಒಪ್ಪಬೇಕು? ಈ ಅಂಜಿಕೆಗೆ ಆಧಾರವಿತ್ತು. ಚಾರ್ಲ್ಸ್ ಕಲೆನ್ ಎಂಬ ನರ್ಸ್ 1988ರಿಂದ 2003ರವರೆಗೆ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳ ಆಸ್ಪತ್ರೆಗಳಲ್ಲಿ ಒಂದಾದ ಮೇಲೊಂದರಂತೆ ಕೆಲಸ ಮಾಡುತ್ತಾ ರೋಗಿಗಳಿಗೆ ಮಿತಿಮೀರಿದ ಔಷಧ ಕೊಟ್ಟು ಕೊಂದ. ಸಿಕ್ಕಿಬಿದ್ದ ಮೇಲೆ 29 ಕೊಲೆಗಳನ್ನು ಒಪ್ಪಿಕೊಂಡ. ಈ ಪ್ರಕರಣದ ವಿವರ ಓದುವುದು ಯಾವ ನರ್ಸ್‌ಗೂ ಕಷ್ಟ. ನಮ್ಮ ಕೈಗೆ ಜನ ಕೊಟ್ಟ ನಂಬಿಕೆಯನ್ನೇ ಅವನು ಆಯುಧ ಮಾಡಿಕೊಂಡಿದ್ದ.

ಆ ಎರಡು ರಾಜ್ಯಗಳು ಆಗ ಒಪ್ಪಂದದಲ್ಲಿ ಇರಲಿಲ್ಲ. ಗಡಿ ಮುಚ್ಚಿಯೇ ಇತ್ತು. ಎರಡು ರಾಜ್ಯದ ಎರಡು ಲೈಸೆನ್ಸ್ ಪಡೆದು ಅವನು ಓಡಾಡಿದ. ಒಂದು ಕಡೆ ಸಂಶಯ ಬಂದಾಗ ಬಿಟ್ಟುಹೋಗುತ್ತಿದ್ದ, ಇನ್ನೊಂದು ಕಡೆಯವರಿಗೆ ಯಾರೂ ತಿಳಿಸುತ್ತಿರಲಿಲ್ಲ. ಬೇರೆ ಬೇರೆ ಲೈಸೆನ್ಸಿನ ಗೋಡೆ ಪ್ರಾಮಾಣಿಕ ನರ್ಸ್‌ಗಳನ್ನು ವಾರಗಟ್ಟಲೆ ಕಾಯಿಸಿತು, ಕೊಲೆಗಾರನನ್ನು ತಡೆಯಲಿಲ್ಲ. ಅವನನ್ನು ತಡೆಯಬಹುದಾಗಿದ್ದದ್ದು ಮಾಹಿತಿ ಮಾತ್ರ. 2005ರಲ್ಲಿ ನ್ಯೂಜೆರ್ಸಿ, ಸಿಬ್ಬಂದಿಯ ತಪ್ಪುಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಕಾನೂನು ಮಾಡಿತು.

2015ರ ಮೇ ತಿಂಗಳಲ್ಲಿ ಮಂಡಳಿ ಒಪ್ಪಂದವನ್ನು ಹೊಸದಾಗಿ ಬರೆಯಿತು. ಹಲವು ರಾಜ್ಯದ ಲೈಸೆನ್ಸ್ ಬೇಕಾದರೆ 11 ಷರತ್ತುಗಳು. ಅಂಗೀಕೃತ ಶಾಲೆಯ ಓದು, ಎನ್‌ಕ್ಲೆಕ್ಸ್ ಪಾಸು, ಕೇಂದ್ರ ಮತ್ತು ರಾಜ್ಯ ಎರಡೂ ಹಂತದಲ್ಲಿ ಬೆರಳಚ್ಚಿನ ತಪಾಸಣೆ, ಗಂಭೀರ ಅಪರಾಧದ ಶಿಕ್ಷೆ ಇರಬಾರದು ಎಂಬುದು ಅವುಗಳಲ್ಲಿ ಮುಖ್ಯವಾದವು. ಜೊತೆಗೆ ರಾಜ್ಯಗಳೆಲ್ಲ ನರ್ಸ್‌ಗಳ ಲೈಸೆನ್ಸ್ ಮತ್ತು ಶಿಸ್ತುಕ್ರಮದ ವಿವರವನ್ನು ನರ್ಸಿಸ್ ಎಂಬ ಒಂದೇ ದಾಖಲೆಯಲ್ಲಿ ಹಾಕಬೇಕು. ತಪ್ಪು ನಡೆದ ರಾಜ್ಯ ತನ್ನ ನೆಲದಲ್ಲಿ ಕೆಲಸ ಮಾಡುವ ಹಕ್ಕನ್ನು ಕಿತ್ತುಕೊಳ್ಳಬಹುದು, ಮನೆಯ ರಾಜ್ಯ ಲೈಸೆನ್ಸನ್ನೇ ರದ್ದು ಮಾಡಬಹುದು. 26 ರಾಜ್ಯಗಳು ಕಾನೂನು ಮಾಡಿದರೆ ಇದು ಜಾರಿಗೆ ಬರಬೇಕಿತ್ತು. 2017ರ ಜುಲೈನಲ್ಲಿ ಆ ಇಪ್ಪತ್ತಾರನೆಯ ರಾಜ್ಯವಾದದ್ದು ನಾರ್ತ್ ಕೆರೊಲಿನಾ, 1903ರಲ್ಲಿ ಮೊದಲ ಕಾನೂನು ಮಾಡಿದ ಅದೇ ರಾಜ್ಯ. 2018ರ ಜನವರಿ 19ರಂದು ಹೊಸ ಒಪ್ಪಂದ ಜಾರಿಗೆ ಬಂತು.

ಕ್ಯಾನ್ಸಸ್ ಸೇರಿದ್ದು 2019ರ ಜುಲೈ 1ರಂದು. ನಾನು ಬೆರಳಚ್ಚು ಕೊಟ್ಟು ಅರ್ಜಿ ಹಾಕಿದೆ. ಹತ್ತು ಬೆರಳನ್ನೂ ಗಾಜಿನ ಮೇಲೆ ಒಂದೊಂದಾಗಿ ಒತ್ತುವಾಗ ನನಗೆ ಅವಮಾನವೆನಿಸಲಿಲ್ಲ. ನಿನ್ನನ್ನು ನಂಬುವ ಮೊದಲು ನೋಡುತ್ತೇವೆ, ನೋಡಿದ ಮೇಲೆ ಪೂರ್ತಿ ನಂಬುತ್ತೇವೆ ಎನ್ನುವ ವ್ಯವಸ್ಥೆ ಅದು. ಹೊಸ ಲೈಸೆನ್ಸ್ ಬಂದ ಮೇಲೆ ಫೋನ್ ಮಾಡುವ ಮೊದಲು ನಾವೆಲ್ಲ ನೋಡುತ್ತಿದ್ದದ್ದು ರೋಗಿಯ ವಿಳಾಸವನ್ನಲ್ಲ, ತೂಕದ ಪಟ್ಟಿಯನ್ನು.

ಮರುವರ್ಷ ಕೋವಿಡ್ ಬಂತು. ಒಪ್ಪಂದದ ಹೊರಗಿದ್ದ ನ್ಯೂಯಾರ್ಕ್ 2020ರ ವಸಂತದಲ್ಲಿ ತುರ್ತು ಆದೇಶ ಹೊರಡಿಸಿ ಬೇರೆ ರಾಜ್ಯದ ನರ್ಸ್‌ಗಳನ್ನು ಕರೆಸಿಕೊಳ್ಳಬೇಕಾಯಿತು. ಒಪ್ಪಂದದೊಳಗಿನ ರಾಜ್ಯಗಳ ನಡುವೆ ನರ್ಸ್‌ಗಳು ಆದೇಶಕ್ಕೆ ಕಾಯದೆ ಹೊರಟರು. ನಮ್ಮ ವಾರ್ಡಿನಿಂದಲೂ ಹೋದರು, ನಮ್ಮಲ್ಲಿಗೂ ಬಂದರು. ಬಂದವರು ಮೊದಲ ದಿನವೇ ರೋಗಿಯ ಪಕ್ಕ ನಿಂತರು.

ಈ ಒಪ್ಪಂದಕ್ಕಿರುವ ವಿರೋಧವನ್ನೂ ನಾನು ಗೌರವದಿಂದಲೇ ಕೇಳಿದ್ದೇನೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್, ಮಿನೆಸೋಟ ಮುಂತಾದ ರಾಜ್ಯಗಳು ಹೊರಗೇ ಉಳಿದಿವೆ. ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂಬುದಕ್ಕೆ ಮಿತಿ ಇರಲೇಬೇಕೆಂದು ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿತು. ಐಸಿಯುನಲ್ಲಿ ಇಬ್ಬರಿಗಿಂತ ಹೆಚ್ಚಿಲ್ಲ. ಅದನ್ನು ಹೋರಾಡಿ ಪಡೆದ ನರ್ಸ್‌ಗಳ ಸಂಘಟನೆಗಳು ಕೇಳುವುದು ಇಷ್ಟೇ: ನಾವು ಮುಷ್ಕರ ಹೂಡಿದ ದಿನ ಮಾಲೀಕರು ಬೇರೆ ರಾಜ್ಯದಿಂದ ನರ್ಸ್‌ಗಳನ್ನು ಇಳಿಸಿದರೆ ನಮ್ಮ ಕೈಯಲ್ಲಿ ಏನುಳಿಯುತ್ತದೆ? ಬೆಂಗಳೂರಿನ ಐಸಿಯುನಲ್ಲಿ ಒಂದೇ ರಾತ್ರಿ ನಾಲ್ಕು ವೆಂಟಿಲೇಟರ್ ನೋಡಿಕೊಂಡ ನನಗೆ ಆ ಮಿತಿಯ ಬೆಲೆ ಗೊತ್ತು. ಆದರೆ ಅದನ್ನು ಕಾಪಾಡಬೇಕಾದದ್ದು ಕಾರ್ಮಿಕ ಕಾನೂನು, ಲೈಸೆನ್ಸಿನ ಗೋಡೆ ಅಲ್ಲ ಎಂಬುದು ನನ್ನ ನಂಬಿಕೆ. ಬೇರೆ ರಾಜ್ಯದಿಂದ ಬಂದವಳೂ ಕ್ಯಾಲಿಫೋರ್ನಿಯಾದ ನೆಲದಲ್ಲಿ ಆ ಮಿತಿಯೊಳಗೇ ಕೆಲಸ ಮಾಡಬೇಕು. ಹೊರಗಿದ್ದ ಪೆನ್ಸಿಲ್ವೇನಿಯಾ 2025ರಲ್ಲಿ ಪೂರ್ತಿಯಾಗಿ ಒಳಗೆ ಬಂತು. ಈಗ 40ಕ್ಕೂ ಹೆಚ್ಚು ರಾಜ್ಯ, ಪ್ರದೇಶಗಳು ಈ ಒಪ್ಪಂದದಲ್ಲಿವೆ.

ಎನ್‌ಕ್ಲೆಕ್ಸ್ ಬರೆಯಲು ಈಗ ಅಮೆರಿಕಕ್ಕೆ ಬರಬೇಕಾಗಿಲ್ಲ, ಬೆಂಗಳೂರಿನಲ್ಲೇ ಕೇಂದ್ರವಿದೆ. ಮಂಗಳೂರಿನ ನನ್ನ ಕಾಲೇಜಿನಲ್ಲಿ ನನ್ನ ನಂತರ ಓದಿದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. “ಅಕ್ಕಾ, ಯಾವ ರಾಜ್ಯಕ್ಕೆ ಅರ್ಜಿ ಹಾಕಲಿ? ಒಂದೇ ಸಲ ಎಲ್ಲ ಕಡೆ ನಡೆಯುವ ಲೈಸೆನ್ಸ್ ಸಿಗ್ತದಾ?” ಅಂತ ಒಬ್ಬಳು ಮೊನ್ನೆ ಕೇಳಿದಳು. “ಈಗಲೇ ಸಿಗೋದಿಲ್ಲ ಕಣೇ,” ಅಂದೆ. ಅದಕ್ಕೆ ಇಲ್ಲಿನ ಸೋಷಿಯಲ್ ಸೆಕ್ಯೂರಿಟಿ ನಂಬರ್ ಬೇಕು, ಒಪ್ಪಂದದ ರಾಜ್ಯದಲ್ಲಿ ಖಾಯಂ ಮನೆ ಬೇಕು. ಭಾರತದಲ್ಲಿದ್ದು ಪಾಸಾದವಳಿಗೆ ಮೊದಲು ಸಿಗುವುದು ಒಂದೇ ರಾಜ್ಯದ ಲೈಸೆನ್ಸ್, ಬಂದು ನೆಲೆಯಾದ ಮೇಲೆ ಅದನ್ನು ಬದಲಿಸಿಕೊಳ್ಳಬೇಕು. ಆಮೇಲೆ ಒಪ್ಪಂದದ ಇನ್ನೊಂದು ರಾಜ್ಯಕ್ಕೆ ಮನೆ ಬದಲಿಸಿದರೆ, 2024ರ ಜನವರಿಯಿಂದ ಜಾರಿಯಾದ ನಿಯಮದಂತೆ, 60 ದಿನಗಳೊಳಗೆ ಹೊಸ ರಾಜ್ಯಕ್ಕೆ ಅರ್ಜಿ ಹಾಕಬೇಕು. ಇದನ್ನೆಲ್ಲ ಬರೆದಿಟ್ಟುಕೋ ಅಂತ ಹೇಳಿದೆ. ವಿದೇಶಕ್ಕೆ ಕಳಿಸುವ ಏಜೆಂಟರು ಇದನ್ನು ಬಿಡಿಸಿ ಹೇಳುವುದಿಲ್ಲ.

ಅವಳು ಕೊನೆಗೆ ಕೇಳಿದ ಮಾತು ನನ್ನನ್ನು ಬಿಟ್ಟಿಲ್ಲ. “ನಮ್ಮಲ್ಲಿ ಯಾಕಕ್ಕಾ ಹೀಗಿಲ್ಲ?” ಭಾರತದಲ್ಲಿ 1947ರಲ್ಲೇ ನರ್ಸಿಂಗ್ ಕೌನ್ಸಿಲ್ ಕಾನೂನು ಬಂತು. ಪಠ್ಯಕ್ರಮದ ಅಳತೆ ದೇಶಕ್ಕೆಲ್ಲ ಒಂದೇ. ಅಮೆರಿಕ ಅರ್ಧ ಶತಮಾನ ಜಗ್ಗಾಡಿ ಪಡೆದದ್ದು ನಮಗೆ ಸ್ವಾತಂತ್ರ್ಯದ ಜೊತೆಗೇ ಸಿಕ್ಕಿತ್ತು. ಆದರೂ ನೋಂದಣಿ ರಾಜ್ಯ ರಾಜ್ಯಕ್ಕೆ ಬೇರೆ. ಕೇರಳದಿಂದ ಬಂದು ಮಂಗಳೂರು, ಬೆಂಗಳೂರಿನಲ್ಲಿ ಓದಿದ ಹುಡುಗಿ ಕರ್ನಾಟಕದ ಕೌನ್ಸಿಲ್‌ನಲ್ಲಿ ಹೆಸರು ಬರೆಸಿ, ಊರಿಗೆ ಮರಳುವಾಗ ಎನ್‌ಒಸಿ ಹಿಡಿದು ಅಲ್ಲಿ ಮತ್ತೆ ಬರೆಸಬೇಕು. ದೆಹಲಿಗೆ ಹೋದರೆ ಮತ್ತೊಮ್ಮೆ. ನನ್ನ ಜೊತೆ ಓದಿದ ಎಷ್ಟೋ ಜನ ಈ ಕಾಗದಕ್ಕಾಗಿ ಕೆಲಸಕ್ಕೆ ಸೇರುವ ದಿನವನ್ನೇ ಮುಂದೂಡಿದರು. 2023ರಲ್ಲಿ ಸಂಸತ್ತು ಹಳೆಯ ಕಾನೂನಿನ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾನೂನು ತಂದಿತು. ದೇಶಕ್ಕೆಲ್ಲ ಒಂದು ಆನ್‌ಲೈನ್ ನೋಂದಣಿ ಪುಸ್ತಕ ಇರಬೇಕು ಎಂದು ಅದರಲ್ಲಿದೆ.

ಆ ಪುಸ್ತಕ ಬರೆಯುವವರಿಗೆ ನಾನು ಹೇಳಬೇಕಾದದ್ದು ಎರಡು ಮಾತು. ಅದರಲ್ಲಿ ನರ್ಸ್‌ನ ಹೆಸರು, ಓದು ಮಾತ್ರ ಇದ್ದರೆ ಸಾಲದು. ಅವಳ ಮೇಲೆ ಸಾಬೀತಾದ ತಪ್ಪು, ಆದ ಶಿಸ್ತುಕ್ರಮ ಎಲ್ಲ ರಾಜ್ಯಕ್ಕೂ ಕಾಣಬೇಕು. ಹಾಗೆ ಕಾಣುವಂತಾದ ಮೇಲೆ, ಒಂದು ರಾಜ್ಯದಲ್ಲಿ ಸರಿಯಾಗಿ ನೋಂದಣಿಯಾದವಳನ್ನು ಇನ್ನೊಂದು ರಾಜ್ಯ ಮತ್ತೆ ಅರ್ಜಿ ಕೇಳದೆ ಒಪ್ಪಬೇಕು. ಮೊದಲನೆಯದನ್ನು ಮಾಡದೆ ಎರಡನೆಯದನ್ನು ಮಾಡಿದರೆ ರೋಗಿಗೆ ಅನ್ಯಾಯ. ಮೊದಲನೆಯದನ್ನು ಮಾಡಿ ಎರಡನೆಯದನ್ನು ತಡೆದರೆ ನರ್ಸ್‌ಗೂ ಅನ್ಯಾಯ, ಅವಳಿಗಾಗಿ ಕಾಯುವ ರೋಗಿಗೂ ಅನ್ಯಾಯ. ಅಮೆರಿಕ ಇದನ್ನು ಕಲಿಯಲು ಜೋಸೆಫಿನ್ ಬರ್ಟನ್ ಹೆಸರು ಬರೆಸಿದ ದಿನದಿಂದ ನೂರು ವರ್ಷಕ್ಕೂ ಹೆಚ್ಚು ತೆಗೆದುಕೊಂಡಿತು. ದಾರಿ ಗೊತ್ತಿರುವ ನಾವು ಅಷ್ಟು ಕಾಯಬೇಕಾಗಿಲ್ಲ.